ಇದ್ದಲಿನ ಬೆಂಕಿಯ ಬಳಿ ಇನ್ನೊಮ್ಮೆ: ಬಿದ್ದ ವಿಶ್ವಾಸಿ ಮತ್ತೆ ಏಳುವುದು ಹೇಗೆ

ಪೇತ್ರ ಯೇಸುವನ್ನು 'ಅರಿಯೆ' ಅಂದದ್ದು ಎಲ್ಲಿ ಎಂದು ಕೇಳಿದರೆ ಸಂಡೇ ಸ್ಕೂಲಿನ ಮಕ್ಕಳೂ ಹೇಳುತ್ತಾರೆ, ಮಹಾಯಾಜಕನ ಅಂಗಳದಲ್ಲಿ ಎಂದು. ಯೋಹಾನ ಇನ್ನೊಂದು ಸಣ್ಣ ವಿವರ ಸೇರಿಸುತ್ತಾನೆ. ಆ ರಾತ್ರಿ ಚಳಿಯಿತ್ತು. ಆಳುಗಳು ಇದ್ದಲಿನ ಬೆಂಕಿ ಮಾಡಿಕೊಂಡಿದ್ದರು. ಪೇತ್ರನೂ ಅವರ ಜೊತೆ ನಿಂತು ಮೈ ಕಾಯಿಸಿಕೊಳ್ಳುತ್ತಿದ್ದ (ಯೋಹಾನ 18:18). ಇದ್ದಲಿನ ಬೆಂಕಿ ಎಂಬುದಕ್ಕೆ ಅಲ್ಲಿರುವ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಸಲ ಬರುತ್ತದೆ. ಎರಡನೆಯದು ಅದೇ ಸುವಾರ್ತೆಯ 21ನೇ ಅಧ್ಯಾಯದಲ್ಲಿ. ಪುನರುತ್ಥಾನವಾಗಿದೆ. ಏಳು ಮಂದಿ ಶಿಷ್ಯರು ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿದ್ದಾರೆ. ಬೆಳಗಾಗುವ ಹೊತ್ತಿಗೆ ದಡದಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿದೆ, ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಈ ಸಲ ಬೆಂಕಿ ಹಾಕಿದವನು ಯೇಸು.

ಪೇತ್ರನ ಮೂಗಿಗೆ ಆ ಹೊಗೆ ಬಡಿದಾಗ ಏನನಿಸಿರಬೇಡ! ಆದರೂ ಆ ಬೆಂಕಿಯ ಬಳಿ ಯೇಸು ಮೊದಲು ಪ್ರಶ್ನೆ ಕೇಳಲಿಲ್ಲ. "ಬನ್ನಿ, ಊಟಮಾಡಿ" ಎಂದ. ಹೊಟ್ಟೆ ತುಂಬಿದ ಮೇಲೆಯೇ "ನನ್ನನ್ನು ಪ್ರೀತಿಸುತ್ತೀಯೋ?" ಎಂದು ಮೂರು ಸಲ ಕೇಳಿದ. ಮೂರು ಸಲ ಅಲ್ಲಗಳೆದ ಬಾಯಿಂದಲೇ ಮೂರು ಉತ್ತರ ಬಂತು.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ದಡದಲ್ಲೇ ಇದೆ. ಎದ್ದು ಬರುವ ದಾರಿ ಬಿದ್ದ ಜಾಗದ ಮೂಲಕವೇ ಹೋಗುತ್ತದೆ, ಬಳಸು ದಾರಿಯಿಲ್ಲ. ಅಲ್ಲಿಗೆ ಹೋದಾಗ ನಮಗಿಂತ ಮೊದಲೇ ಒಬ್ಬ ಬಂದು ಬೆಂಕಿ ಹಾಕಿ ಕೂತಿರುತ್ತಾನೆ.

ಬರೆಯುತ್ತಿರುವ ನಾನು ಬೋಧಕನಲ್ಲ. ಒಂದು ಪ್ರಾರ್ಥನಾ ಗುಂಪು ನಡೆಸುತ್ತಿದ್ದೆ. ಅದೇ ಗುಂಪಿನ ಒಬ್ಬ ಸಹೋದರರ ಮೇಲೆ, ಅವರ ಮಾತಿಗೆ ನನಗಿಂತ ಹೆಚ್ಚು ಬೆಲೆ ಬರುತ್ತಿದೆ ಎಂಬ ಉರಿಯಲ್ಲಿ, ಒಂದು ಸುಳ್ಳು ಹೇಳಿದೆ. ಅವರು ಹೊಣೆ ಬಿಟ್ಟು ಹೋದರು. ಎಂಟು ತಿಂಗಳು ಆ ಸುಳ್ಳಿನ ಮೇಲೆ ಕೂತೇ ಪ್ರಾರ್ಥನೆ ನಡೆಸಿದೆ. ಬಯಲಾದ ಮೇಲೆ ಸುಮಾರು ಒಂದು ವರ್ಷ ಯಾವ ಸಭೆಯ ಬಾಗಿಲನ್ನೂ ತುಳಿಯಲಿಲ್ಲ. ಕೆಳಗಿನ ಹೆಜ್ಜೆಗಳಲ್ಲಿ ಕೆಲವನ್ನು ನಾನು ಸರಿಯಾಗಿ ಇಟ್ಟೆ, ಕೆಲವನ್ನು ಎಡವಿ ಕಲಿತೆ.

ಮೊದಲ ಹೆಜ್ಜೆ: ಕೆಲವು ದಿನ ಯಾವ ತೀರ್ಮಾನವೂ ಬೇಡ

ಬಿದ್ದ ಮಾರನೆಯ ದಿನವೇ ಮನಸ್ಸು ದೊಡ್ಡ ದೊಡ್ಡ ತೀರ್ಪು ಕೊಡಲು ಶುರುಮಾಡುತ್ತದೆ. ನಾನು ನಿಜವಾದ ಕ್ರೈಸ್ತನೇ ಅಲ್ಲ, ನನ್ನ ರಕ್ಷಣೆಯೇ ಸುಳ್ಳು, ಸೇವೆ ಬಿಡಬೇಕು, ಎಲ್ಲರ ಮುಂದೆ ಈಗಲೇ ಹೇಳಿಬಿಡಬೇಕು, ಇಲ್ಲವೇ ಯಾರಿಗೂ ಎಂದೂ ಹೇಳಬಾರದು. ಇವುಗಳಲ್ಲಿ ಯಾವುದನ್ನೂ ಆ ದಿನಗಳಲ್ಲಿ ನಂಬಬೇಡಿ.

1 ಅರಸುಗಳು 19 ಓದಿ. ಹಿಂದಿನ ಅಧ್ಯಾಯದಲ್ಲಷ್ಟೇ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಬಾಳನೆಂಬ ದೇವತೆಯ 450 ಪ್ರವಾದಿಗಳೆದುರು ಒಬ್ಬನೇ ನಿಂತು ಗೆದ್ದಿದ್ದ. ಈಗ ರಾಣಿ ಈಜೆಬೆಲಳ ಒಂದೇ ಒಂದು ಸಂದೇಶಕ್ಕೆ ಹೆದರಿ ಮರುಭೂಮಿಗೆ ಓಡಿ, ಒಂದು ಗಿಡದ ಕೆಳಗೆ ಕೂತು "ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು" ಅನ್ನುತ್ತಿದ್ದಾನೆ. ದೇವದೂತ ಬಂದು ಬುದ್ಧಿ ಹೇಳಲಿಲ್ಲ, ಕರ್ಮೆಲ್ ನೆನಪಿಸಲಿಲ್ಲ. ತಟ್ಟಿ ಎಬ್ಬಿಸಿ "ಏಳು, ಊಟಮಾಡು" ಎಂದ. ಸುಟ್ಟ ರೊಟ್ಟಿ, ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮತ್ತೆ ಊಟಕ್ಕೆ ಎಬ್ಬಿಸಿದ. "ಎಲೀಯನೇ, ಇಲ್ಲೇನು ಮಾಡುತ್ತೀ?" ಎಂಬ ಪ್ರಶ್ನೆ ಬಂದದ್ದು ನಲವತ್ತು ಹಗಲು, ನಲವತ್ತು ರಾತ್ರಿ ಕಳೆದ ಮೇಲೆ, ಹೋರೇಬಿನ ಗವಿಯಲ್ಲಿ.

ಆದ್ದರಿಂದ ಈ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ತಿನ್ನಿ, ಮಲಗಿ, ಸ್ನಾನ ಮಾಡಿ, ಕೆಲಸಕ್ಕೆ ಹೋಗಿ. ಉಪವಾಸ ಈಗ ಬೇಡ. ಉಪವಾಸದ ಹೆಸರಲ್ಲಿ ನಮ್ಮನ್ನು ನಾವೇ ದಂಡಿಸಿಕೊಳ್ಳುವುದು ಬಲು ಸುಲಭ. ಒಬ್ಬರೇ ಇರಬೇಡಿ, ಏನೂ ಹೇಳದಿದ್ದರೂ ಸರಿ, ಯಾರಾದರೂ ಇರುವ ಮನೆಯಲ್ಲಿರಿ. ಸಾಯಬೇಕು ಅನ್ನುವ ಯೋಚನೆ ಒಮ್ಮೆ ಸುಳಿದುಹೋದರೂ ಅದನ್ನು ಆತ್ಮಿಕ ವಿಷಯ ಎಂದು ಒಳಗಿಟ್ಟುಕೊಳ್ಳದೆ ಅವತ್ತೇ ಒಬ್ಬರಿಗೆ ಹೇಳಿ, ವೈದ್ಯರನ್ನು ಕಾಣಿ. ಆ ಮಾತನ್ನು ಪ್ರವಾದಿಯೊಬ್ಬನೇ ಬಾಯಿಬಿಟ್ಟು ಹೇಳಿದ್ದಾನೆ, ದೇವರು ಅದಕ್ಕೆ ಗದರಿಸಲಿಲ್ಲ.

ಎರಡನೇ ಹೆಜ್ಜೆ: ಬಿದ್ದದ್ದು ಯಾವ ಬಗೆ ಎಂದು ಬೇರ್ಪಡಿಸಿ

ನಮ್ಮಲ್ಲಿ ಎಲ್ಲ ಸೋಲಿಗೂ ಒಂದೇ ಮದ್ದು ಕೊಡುವ ಅಭ್ಯಾಸವಿದೆ. ಏನೇ ಆಗಿರಲಿ, "ಪಶ್ಚಾತ್ತಾಪಪಡು, ಹೆಚ್ಚು ಪ್ರಾರ್ಥಿಸು." ಇದರಿಂದ ಆಗುವ ಹಾನಿಯನ್ನು ಕಣ್ಣಾರೆ ಕಂಡಿದ್ದೇನೆ. ದಣಿದವರಿಗೆ ಪಶ್ಚಾತ್ತಾಪ ಹೇಳಿದರೆ ಇನ್ನಷ್ಟು ಕುಸಿಯುತ್ತಾರೆ, ಪಾಪ ಮಾಡಿದವರಿಗೆ ವಿಶ್ರಾಂತಿ ಹೇಳಿದರೆ ಒಳಗೇ ಕೊಳೆಯುತ್ತಾರೆ. ಸತ್ಯವೇದ ಇವನ್ನು ಬೇರೆಬೇರೆಯಾಗಿಯೇ ನೋಡುತ್ತದೆ.

ಅರಸ ದಾವೀದನದು ಪಾಪ. ಬತ್ಷೆಬೆಯನ್ನು ಕರೆಸಿಕೊಂಡ, ಅದನ್ನು ಮುಚ್ಚಲು ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯಿಸಿದ. ಅದಕ್ಕೆ ದೇವರು ಕಳಿಸಿದ್ದು ಪ್ರವಾದಿ ನಾತಾನನನ್ನು, ಬೆರಳು ತೋರಿಸಿ "ಆ ಮನುಷ್ಯ ನೀನೇ" ಅನ್ನುವವನನ್ನು. ಎಲೀಯನದು ಹೆದರಿಕೆ ಮತ್ತು ದಣಿವು. ಅವನಿಗೆ ಸಿಕ್ಕದ್ದು ರೊಟ್ಟಿ, ನಿದ್ದೆ, ಮೆಲುದನಿ, ಕೊನೆಗೆ ಜೊತೆಗಾರನಾಗಿ ಎಲೀಷ. "ನಾನೊಬ್ಬನೇ ಉಳಿದಿದ್ದೇನೆ" ಎಂದು ಅವನು ಎರಡು ಸಲ ಗೋಗರೆದದ್ದಕ್ಕೆ, ಬಾಳನಿಗೆ ಅಡ್ಡಬೀಳದವರು ಇನ್ನೂ ಏಳು ಸಾವಿರ ಮಂದಿ ಇದ್ದಾರೆ ಎಂಬ ಉತ್ತರ.

ಮೂರನೆಯದು ಪಾಪವೂ ಅಲ್ಲದ, ದಣಿವೂ ಅಲ್ಲದ ಸೋಲು. ಒಳ್ಳೆಯ ಮನಸ್ಸಿನಿಂದಲೇ ಶುರುಮಾಡಿದ ಕೆಲಸ ಮುರಿದುಬಿತ್ತು, ವರ್ಷಗಟ್ಟಲೆ ಪ್ರಾರ್ಥಿಸಿದ್ದು ಆಗಲಿಲ್ಲ, ಮಕ್ಕಳು ನಂಬಿಕೆ ಬಿಟ್ಟರು. ಪೌಲ ಬಿಥೂನ್ಯಕ್ಕೆ ಹೋಗಲು ನೋಡಿದ, ಆತ್ಮನು ಬಿಡಲಿಲ್ಲ (ಅಪೊಸ್ತಲರ ಕೃತ್ಯಗಳು 16:7). ಅಲ್ಲಿ ಮುಚ್ಚಿದ ದಾರಿ ಮಕೆದೋನ್ಯಕ್ಕೆ ತೆರೆಯಿತು ಎಂದು ನಾವು ಖುಷಿಯಿಂದ ಹೇಳುತ್ತೇವೆ. ಅದೇ ಪೌಲ ಸ್ಪೇನಿಗೆ ಹೋಗುವ ಆಸೆಯನ್ನು ರೋಮಾಪುರದವರಿಗೆ ಬರೆದ (ರೋಮಾಪುರ 15:24), ಹೋದನೋ ಇಲ್ಲವೋ ಎಂದು ಹೊಸ ಒಡಂಬಡಿಕೆ ಎಲ್ಲೂ ಹೇಳುವುದಿಲ್ಲ. ಹಾಗಾಗಿ ಇಂಥ ಸೋಲಿನಲ್ಲಿರುವವರಿಗೆ "ದೇವರು ಇದಕ್ಕಿಂತ ಒಳ್ಳೆಯದನ್ನು ಇಟ್ಟಿದ್ದಾನೆ ಬಿಡಿ" ಎಂದು ತಟ್ಟನೆ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಇಲ್ಲಿ ಬೇಕಾದದ್ದು ಅಳುವುದಕ್ಕೆ ಅವಕಾಶ. ಕೀರ್ತನೆಗಳಲ್ಲಿ ಬಹಳಷ್ಟು ಅಂಥ ಅಳುವೇ ಇದೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಹಲ್ಲೆಲೂಯವೂ ಇಲ್ಲ.

ಇನ್ನೂ ಒಂದಿದೆ, ಅದನ್ನು ಸೋಲಿನ ಪಟ್ಟಿಗೇ ಸೇರಿಸಬಾರದು: ಬೇರೆಯವರು ನಿಮಗೆ ಮಾಡಿದ ಕೆಡುಕು. ಹಿಂಸೆಗೆ, ದೌರ್ಜನ್ಯಕ್ಕೆ ಒಳಗಾದವರು "ನನ್ನ ನಂಬಿಕೆ ಸಾಲದೆ ಹೀಗಾಯಿತು" ಅಂದುಕೊಳ್ಳುತ್ತಾರೆ. ಅದು ನಿಮ್ಮ ಪಾಪವಲ್ಲ. ನಿಮಗೆ ಬೇಕಾದದ್ದು ರಕ್ಷಣೆ ಮತ್ತು ನ್ಯಾಯ. ಈ ಬರಹದ ಮೂರನೇ ಹೆಜ್ಜೆ ನಿಮಗಲ್ಲ.

ಒಂದು ಹಾಳೆಯಲ್ಲಿ ಬರೆದು ನೋಡಿ: ಬೇಡವೆಂದು ಗೊತ್ತಿದ್ದೂ ನಾನು ಮಾಡಿದ್ದೇನು? ಶಕ್ತಿ ಇಲ್ಲದೆ ಕೈಬಿಟ್ಟದ್ದೇನು? ನನ್ನ ಕೈಯಲ್ಲೇ ಇಲ್ಲದಿದ್ದದ್ದೇನು? ನನ್ನ ವಿಷಯದಲ್ಲಿ ಸುಳ್ಳು ಮೊದಲನೆಯದಕ್ಕೆ ಬಂತು. ಅದಕ್ಕೂ ಮುಂಚೆ ಆರು ತಿಂಗಳು ಸರಿಯಾಗಿ ನಿದ್ದೆಯಿಲ್ಲದೆ ಓಡಾಡಿದ್ದು ಎರಡನೆಯದಕ್ಕೆ. ಎರಡನೆಯದು ಮೊದಲನೆಯದಕ್ಕೆ ನೆಪವಲ್ಲ, ಆದರೆ ಎರಡಕ್ಕೂ ಬೇರೆ ಬೇರೆ ಮದ್ದು ಬೇಕಿತ್ತು.

ಮೂರನೇ ಹೆಜ್ಜೆ: ಪಾಪವಾದರೆ, ಕರ್ತೃಪದ ಸೇರಿಸಿ ಹೇಳಿ

ಕನ್ನಡದಲ್ಲಿ ತಪ್ಪಿಸಿಕೊಳ್ಳಲು ಒಂದು ಸೊಗಸಾದ ಸಂದಿಯಿದೆ. "ತಪ್ಪಾಯ್ತು." ಯಾರಿಂದ ಆಯ್ತು? ತಾನಾಗಿಯೇ ಆಯ್ತು, ಮಳೆ ಬಂದ ಹಾಗೆ. "ಮಾತು ಬಂತು", "ಹೆಚ್ಚುಕಡಿಮೆ ಆಯ್ತು", "ಎಲ್ಲೋ ಎಡವಟ್ಟಾಯ್ತು". ವಾಕ್ಯ ಪೂರ್ತಿ ಇದೆ, ಮಾಡಿದವನು ಮಾತ್ರ ನಾಪತ್ತೆ. ಪ್ರಾರ್ಥನೆಯಲ್ಲೂ ಹಾಗೆಯೇ: "ಕರ್ತನೇ, ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸು." ಏನಾದರೂ ಅಂತೆ, ಆಗಿದ್ದರೆ ಅಂತೆ!

ಇಬ್ಬರು ಅರಸರನ್ನು ಪಕ್ಕಪಕ್ಕ ಇಟ್ಟು ನೋಡಿ. 1 ಸಮುವೇಲ 15ರಲ್ಲಿ ಸೌಲನೂ "ಪಾಪಮಾಡಿದ್ದೇನೆ" ಅನ್ನುತ್ತಾನೆ. ಆದರೆ ಅದಕ್ಕೆ ಮುಂಚೆ, ಕುರಿದನಗಳನ್ನು ಉಳಿಸಿಕೊಂಡದ್ದು ಜನರು ಅನ್ನುತ್ತಾನೆ. ಆಮೇಲೆ, ಜನರಿಗೆ ಹೆದರಿದೆ ಅನ್ನುತ್ತಾನೆ. ಕೊನೆಗೆ, ಹೇಗೂ ಆಗಿದ್ದಾಯಿತು, ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಎಂದು ಸಮುವೇಲನನ್ನು ಬೇಡುತ್ತಾನೆ. ದಾವೀದ, ನಾತಾನನ ಮಾತು ಮುಗಿದೊಡನೆ, "ನಾನು ಯೆಹೋವನಿಗೆ ವಿರೋಧವಾಗಿ ಪಾಪಮಾಡಿದ್ದೇನೆ" ಎಂದ. ಹೀಬ್ರೂವಿನಲ್ಲಿ ಅದು ಎರಡೇ ಪದ. ಅದರ ಹಿಂದೆ ಮುಂದೆ ಏನೂ ಇಲ್ಲ.

ನಾನು ಆ ಸಹೋದರರಿಗೆ ಬರೆದ ಕ್ಷಮಾಪಣೆಯ ಮೊದಲ ಕರಡು ಹೀಗಿತ್ತು: "ನಡೆದ ಘಟನೆಗಳಿಂದ ನಿಮಗೆ ಬೇಸರವಾಗಿದ್ದರೆ ಕ್ಷಮೆ ಇರಲಿ." ಬರೆದು ಮುಗಿಸಿ ಹಗುರಾದೆ ಅಂದುಕೊಂಡೆ. ಮರುದಿನ ಓದಿದಾಗ ಅದರಲ್ಲಿ ನಾನೇ ಇರಲಿಲ್ಲ. ಎರಡನೆಯ ಕರಡಿನಲ್ಲಿ ನಾನಿದ್ದೆ, ಆದರೆ ಜೊತೆಗೆ ನನ್ನ ಕೆಲಸದ ಒತ್ತಡವೂ ಇತ್ತು, ಬೇರೆಯವರು ಚಾಡಿ ಹೇಳಿದ್ದೂ ಇತ್ತು. ನಾಲ್ಕನೆಯದರಲ್ಲಿ ಮೂರು ಸಾಲು ಉಳಿಯಿತು. "ನಿಮ್ಮ ಬಗ್ಗೆ ನಾನು ಹೇಳಿದ್ದು ಸುಳ್ಳು. ಗೊತ್ತಿದ್ದೇ ಹೇಳಿದೆ. ನಿಮ್ಮ ಮೇಲಿನ ಹೊಟ್ಟೆಕಿಚ್ಚಿನಿಂದ ಹೇಳಿದೆ." ಆ ಮೂರನೇ ಸಾಲು ಬರೆಯುವಾಗ ಕೈ ನಿಜಕ್ಕೂ ನಡುಗಿತು.

ದೇವರ ಮುಂದೆಯೂ ಹೀಗೆಯೇ ಮಾಡಿ. ಬರೆದುಕೊಂಡು, 'ಆಗಿದ್ದರೆ', 'ಏನಾದರೂ', 'ಆದರೆ' ಇರುವ ಕಡೆಯೆಲ್ಲ ಗೆರೆ ಎಳೆಯಿರಿ. ಉಳಿದದ್ದನ್ನು ಬಾಯಿಬಿಟ್ಟು ಓದಿ. ಆಮೇಲೆ 51ನೇ ಕೀರ್ತನೆ, ಅದರ ಹಿಂದೆಯೇ 1 ಯೋಹಾನ 1:9. ಆ ವಚನದಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸುತ್ತದೆ: ಕ್ಷಮಿಸುವುದರಲ್ಲಿ ದೇವರು ಕರುಣೆಯುಳ್ಳವನು ಎಂದಿಲ್ಲ, ನಂಬಿಗಸ್ತನೂ ನೀತಿವಂತನೂ ಎಂದಿದೆ. ಅಂದರೆ ಕ್ಷಮೆ ಆತನ ಆ ಹೊತ್ತಿನ ಮನಃಸ್ಥಿತಿಯ ಮೇಲೆ ನಿಂತಿಲ್ಲ, ಶಿಲುಬೆಯಲ್ಲಿ ಮುಗಿದ ಲೆಕ್ಕದ ಮೇಲೆ ನಿಂತಿದೆ.

ಒಮ್ಮೆ ಅರಿಕೆ ಮಾಡಿದ್ದನ್ನು ದಿನಾ ಅರಿಕೆ ಮಾಡಬೇಡಿ. ಮತ್ತೆ ನೆನಪಾದಾಗ "ಅದನ್ನು ನಿನಗೆ ಕೊಟ್ಟಾಗಿದೆ, ಕರ್ತನೇ" ಎಂದು ಹೇಳಿ ಮುಂದಿನ ಕೆಲಸಕ್ಕೆ ಹೋಗಿ.

ನಾಲ್ಕನೇ ಹೆಜ್ಜೆ: ಸರಿಯಾದ ಒಬ್ಬರಿಗೆ ಹೇಳಿ

ಇಲ್ಲಿ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಬಗ್ಗೆ ಒಂದು ಮಾತು. ಅವನು ಪಶ್ಚಾತ್ತಾಪವೇ ಪಡಲಿಲ್ಲ ಎಂದು ನಾವು ಹೇಳಿಬಿಡುತ್ತೇವೆ. ಮತ್ತಾಯ 27 ಮತ್ತೆ ಓದಿ. "ನಿರಪರಾಧಿಯ ರಕ್ತವನ್ನು ಹಿಡಿದುಕೊಟ್ಟು ಪಾಪಮಾಡಿದೆ" ಎಂದ, ಅದರಲ್ಲಿ ನೆಪವಿಲ್ಲ. ಮೂವತ್ತು ಬೆಳ್ಳಿ ನಾಣ್ಯಗಳನ್ನೂ ವಾಪಸ್ ಕೊಟ್ಟ. ಆದರೆ ಹೇಳಿದ್ದು ಯಾರ ಹತ್ತಿರ? ಅವನನ್ನು ಬಳಸಿಕೊಂಡ ಯಾಜಕರ ಹತ್ತಿರ. ಅವರು ಕೊಟ್ಟ ಉತ್ತರ: "ಅದು ನಮಗೇನು? ನೀನೇ ನೋಡಿಕೋ." ಪಾಪದ ಭಾರ ಹೊತ್ತು ಬಂದವನಿಗೆ ಯಾಜಕರು ಹೇಳಬಹುದಾದ ಅತಿ ಕ್ರೂರ ಮಾತು ಅದು. ಉಳಿದ ಶಿಷ್ಯರು ಬಾಗಿಲು ಹಾಕಿಕೊಂಡು ಕೂತಿದ್ದ ಕೋಣೆಗೆ ಅವನು ಬರಲೇ ಇಲ್ಲ. ಪೇತ್ರ ಅಳುತ್ತ ಹೋದವನು ಹೇಗೋ ಮತ್ತೆ ಆ ಗುಂಪಿನೊಳಗೇ ಸಿಗುತ್ತಾನೆ.

ಆದ್ದರಿಂದ ಆರಿಸಿ ಹೇಳಿ. ಬಾಯಿ ಬಿಗಿಯಿರುವವರು ಬೇಕು. "ಅಯ್ಯೋ, ಇದೆಲ್ಲ ಏನು ಮಹಾ" ಎಂದು ತೇಲಿಸುವವರೂ ಬೇಡ, ಕೇಳಿ ಬೆಚ್ಚಿಬಿದ್ದು ದೂರ ಸರಿಯುವವರೂ ಬೇಡ. ಮುಂದಿನ ವಾರ ಫೋನ್ ಮಾಡಿ "ಹೇಗಿದ್ದೀ, ಮತ್ತೆ ಹೋದೆಯಾ ಆ ಕಡೆ?" ಎಂದು ಕೇಳುವ ಧೈರ್ಯವಿರಲಿ. ತಾವೂ ಒಮ್ಮೆ ಬಿದ್ದು ಎದ್ದವರಾದರೆ ಇನ್ನೂ ಒಳ್ಳೆಯದು. ಲೈಂಗಿಕ ವಿಷಯವಾದರೆ ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ ಹೇಳುವುದು ಕ್ಷೇಮ. ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಯವರಿಗೆ ಪಾಪನಿವೇದನೆಯ ಸಂಸ್ಕಾರವಿದೆ. ಕೇಳಿದ್ದನ್ನು ಹೊರಗೆ ಹೇಳುವ ಗುರುವಿಗೆ 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆಯೇ ಕಠಿಣ ಶಿಕ್ಷೆ ಗೊತ್ತುಮಾಡಿತ್ತು. ಉಳಿದ ಸಭೆಗಳವರಿಗೆ, ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿರಿ ಎನ್ನುವ ಯಾಕೋಬ 5:16 ಇದ್ದೇ ಇದೆ, ಆದರೆ ಅದನ್ನು ಓದುವಷ್ಟು ನಾವು ಮಾಡುವುದಿಲ್ಲ.

ಪುನರುತ್ಥಾನದ ದಿನ ಯೇಸು ಪೇತ್ರನನ್ನು ಒಬ್ಬನೇ ಇದ್ದಾಗ ಕಂಡ ಎಂದು ಲೂಕ 24:34 ಮತ್ತು 1 ಕೊರಿಂಥ 15:5ರಿಂದ ಗೊತ್ತಾಗುತ್ತದೆ. ಅಲ್ಲಿ ಏನು ಮಾತಾಯಿತು? ನಾಲ್ಕು ಸುವಾರ್ತೆಗಳಲ್ಲಿ ಒಂದಕ್ಷರವೂ ಇಲ್ಲ. ಕೆರೆಯ ದಡದ ಮಾತುಕತೆ ಎಲ್ಲರ ಮುಂದೆ ನಡೆಯುವುದಕ್ಕೆ ಮುಂಚೆ, ಯಾರಿಗೂ ತಿಳಿಯದ ಒಂದು ಮಾತುಕತೆ ನಡೆದಿತ್ತು.

ಐದನೇ ಹೆಜ್ಜೆ: ಕೆಡಿಸಿದ್ದನ್ನು ಆದಷ್ಟು ಸರಿಮಾಡಿ

ಮೋಶೆಯ ಧರ್ಮಶಾಸ್ತ್ರದಲ್ಲಿ, ಅನ್ಯಾಯ ಮಾಡಿದವನು ಅರಿಕೆ ಮಾಡಿ, ನಷ್ಟವನ್ನು ಪೂರ್ತಿ ತುಂಬಿ, ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕಿತ್ತು (ಅರಣ್ಯಕಾಂಡ 5:7). ಸುಂಕದವನಾದ ಜಕ್ಕಾಯ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಅವನು ಹಾಗೆಂದದ್ದು ಯೇಸು ಅವನ ಮನೆಗೆ ಬರುತ್ತೇನೆ ಎಂದ ಮೇಲೆ. ಕೃಪೆಗೆ ಕೊಟ್ಟ ಬೆಲೆಯಲ್ಲ, ಕೃಪೆ ಸಿಕ್ಕಿದ್ದಕ್ಕೆ ಬಿಚ್ಚಿಕೊಂಡ ಕೈ.

ಹಣವಾದರೆ ಲೆಕ್ಕ ಸುಲಭ, ಕಂತಿನಲ್ಲಾದರೂ ಕೊಡಿ. ಮಾತಾದರೆ, ಸುಳ್ಳು ಯಾರ ಕಿವಿಗೆಲ್ಲ ಬಿದ್ದಿದೆಯೋ ಅಷ್ಟು ಜನರ ಮುಂದೆ ನಿಜ ಹೇಳಬೇಕು. ನಾನು ಸುಳ್ಳು ಹೇಳಿದ್ದು ಹತ್ತು ಹನ್ನೆರಡು ಜನರ ಗುಂಪಿನಲ್ಲಿ, ಪತ್ರ ಬರೆದದ್ದು ಒಬ್ಬರಿಗೆ. ಅದು ಸಾಲದು ಎಂದು ನನ್ನ ಮಾತು ಕೇಳಿಸಿಕೊಂಡ ಹಿರಿಯರು ಖಡಾಖಂಡಿತವಾಗಿ ಹೇಳಿದರು. ಗುಂಪಿನ ಮುಂದೆ ನಿಂತು ಹೇಳಲು ನನಗೆ ಇನ್ನೂ ಎರಡು ತಿಂಗಳು ಬೇಕಾಯಿತು.

ಇದಕ್ಕೂ ಮಿತಿಗಳಿವೆ. ನಿಮ್ಮ ಮುಖ ನೋಡಲೂ ಇಷ್ಟವಿಲ್ಲ ಎಂದವರ ಮನೆಬಾಗಿಲಿಗೆ ಹೋಗಿ ಕ್ಷಮೆ ಕೇಳುವುದು ಇನ್ನೊಂದು ಹಿಂಸೆ. ದೂರವಿರುವುದೇ ಅಲ್ಲಿ ಪರಿಹಾರ. ಮಾಡಿದ್ದು ಅಪರಾಧವಾದರೆ ಸಭೆಯೊಳಗೆ ಮುಗಿಸಿಕೊಳ್ಳುವ ಮಾತೇ ಇಲ್ಲ, ಕಾನೂನಿನ ಮುಂದೆ ನಿಲ್ಲಬೇಕು. ಇನ್ನು, ಕ್ಷಮೆ ಕೇಳುವುದಷ್ಟೇ ನಿಮ್ಮ ಪಾಲು. ನಾನು ಪತ್ರ ಕೊಟ್ಟಾಗ ಆ ಸಹೋದರರು ನಿಂತಲ್ಲೇ ಓದಿದರು, ಮಡಿಸಿ ಜೇಬಿಗೆ ಹಾಕಿಕೊಂಡರು, "ಆಯ್ತು" ಎಂದು ಹೊರಟುಹೋದರು. ನಾನು ಎದುರುನೋಡಿದ್ದು ಅಪ್ಪುಗೆಯನ್ನು. "ಕ್ರೈಸ್ತರಾಗಿ ಕ್ಷಮಿಸಬೇಕಲ್ಲ" ಎಂದು ಮನಸ್ಸು ಗೊಣಗಿತು ಕೂಡ. ನೋಡಿ, ಅಷ್ಟು ಬೇಗ ನಾನು ಸಾಲಗಾರನಿಂದ ಸಾಲ ಕೊಟ್ಟವನಾಗಿಬಿಟ್ಟಿದ್ದೆ!

ಆರನೇ ಹೆಜ್ಜೆ: ಆರಾಧನೆಗೆ ವಾಪಸ್ ಹೋಗಿ

ಸರಿಹೋದ ಮೇಲೆ ಹೋಗುತ್ತೇನೆ ಎಂದು ಕಾಯಬೇಡಿ. ತಪ್ಪಿಹೋಗಿದ್ದ ಮಗ ತಂದೆಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ, ಕೊನೆಯ ಸಾಲು "ನನ್ನನ್ನು ಕೂಲಿಯಾಳಿನಂತೆ ಇಟ್ಟುಕೋ." ತಂದೆ ಆ ಸಾಲಿನ ತನಕ ಬಿಡಲೇ ಇಲ್ಲ, ಅಂಗಿ ತನ್ನಿ ಎಂದು ಕೂಗಿದ (ಲೂಕ 15).

ಮೊದಲ ದಿನ ತಡವಾಗಿ ಹೋಗಿ ಹಿಂದಿನ ಸಾಲಿನಲ್ಲಿ ಕೂತು, ಮುಗಿಯುವ ಮೊದಲೇ ಎದ್ದು ಬಂದರೂ ಅಡ್ಡಿಯಿಲ್ಲ. ಹಾಡಲು ಆಗದಿದ್ದರೆ ಬೇರೆಯವರು ಹಾಡುವುದನ್ನು ಕೇಳಿ. ಕರ್ತನ ಭೋಜನಕ್ಕೆ ಯಾವಾಗ ಮುಂದೆ ಬರಬಹುದು ಎಂಬುದನ್ನು ನಿಮ್ಮ ಸಭಾಪಾಲಕರನ್ನೋ ಗುರುಗಳನ್ನೋ ಕೇಳಿ, ಸಭೆಯಿಂದ ಸಭೆಗೆ ಕ್ರಮ ಬೇರೆ.

ಏಳನೇ ಹೆಜ್ಜೆ: ನಂಬಿಕೆ ಮರಳುವ ತನಕ ಸಣ್ಣ ದಿನಚರಿ

"ಬಲ ಬಂದ ಮೇಲೆ ಪ್ರಾರ್ಥಿಸುತ್ತೇನೆ" ಎಂದು ಕಾದು ನಾನು ತಿಂಗಳುಗಳನ್ನು ಕಳೆದೆ. ಕೊನೆಗೆ ಹಿಡಿದದ್ದು ಹತ್ತು ನಿಮಿಷದ ದಿನಚರಿ. ಬೆಳಿಗ್ಗೆ ಒಂದು ಕೀರ್ತನೆ ಗಟ್ಟಿಯಾಗಿ ಓದುವುದು. ಮಾರ್ಕನ ಸುವಾರ್ತೆಯ ಒಂದು ಚಿಕ್ಕ ಘಟನೆ. ಆಮೇಲೆ ಕರ್ತನ ಪ್ರಾರ್ಥನೆ, ನನ್ನ ಮಾತು ಸೇರಿಸದೆ. ಸ್ವಂತ ಮಾತು ಬತ್ತಿದವರಿಗೆ ಯೇಸುವೇ ಕಲಿಸಿದ ಮಾತು ಸಾಕು. ರಾತ್ರಿ ಮಲಗುವಾಗ ಒಂದೇ ವಾಕ್ಯ, ಮಾರ್ಕ 9:24ರ ಆ ತಂದೆಯದು: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು. ಅಷ್ಟು ಅರೆಬರೆ ನಂಬಿಕೆಯ ಮೇಲೆಯೇ ಯೇಸು ಅವನ ಮಗನನ್ನು ಗುಣಪಡಿಸಿದ.

ಏನೂ ಅನ್ನಿಸದ ದಿನಗಳೇ ಹೆಚ್ಚು ಇರುತ್ತವೆ. ಅಂಥ ದಿನಗಳಿಗೆ ಲೂಕ 22:31-32 ಇಟ್ಟುಕೊಳ್ಳಿ. ಪೇತ್ರ ಬೀಳುವುದಕ್ಕೆ ಮುಂಚೆಯೇ ಯೇಸು ಅವನಿಗೆ ಹೇಳಿದ್ದ: ನಿನ್ನ ನಂಬಿಕೆ ಕುಂದದಂತೆ ನಿನಗಾಗಿ ಬೇಡಿಕೊಂಡಿದ್ದೇನೆ. "ನೀನು ತಿರುಗಿಕೊಂಡ ಮೇಲೆ" ಎಂದೂ ಸೇರಿಸಿದ, "ತಿರುಗಿಕೊಂಡರೆ" ಎಂದಲ್ಲ. ಪೇತ್ರನ ನಂಬಿಕೆಯನ್ನು ಆ ರಾತ್ರಿ ಹಿಡಿದಿದ್ದದ್ದು ಪೇತ್ರನ ಮುಷ್ಟಿಯಲ್ಲ.

ಯೆಶಾಯ 40:31 ನಾವೆಲ್ಲ ಗೋಡೆಗೆ ತೂಗುಹಾಕುವ ವಚನ, ಹದ್ದುಗಳ ರೆಕ್ಕೆಯ ಚಿತ್ರದ ಜೊತೆ. ಅದರ ಕ್ರಮ ನೋಡಿದ್ದೀರಾ? ಮೊದಲು ಹಾರುವುದು, ಆಮೇಲೆ ಓಡುವುದು, ಕೊನೆಗೆ ನಡೆಯುವುದು. ನಾನಾದರೆ ತಿರುವುಮುರುವಾಗಿ ಬರೆಯುತ್ತಿದ್ದೆ. ಬಳಲದೆ ನಡೆಯುವುದನ್ನು ಪ್ರವಾದಿ ಕೊನೆಗಿಟ್ಟದ್ದು ಯಾಕೆ ಎಂದು ಮಂಗಳವಾರದ ಬೆಳಿಗ್ಗೆ ಆರು ಗಂಟೆಗೆ ಬೈಬಲ್ ತೆರೆದು ಕೂತವರಿಗೆ ಅರ್ಥವಾಗುತ್ತದೆ.

ಎಂಟನೇ ಹೆಜ್ಜೆ: ಅದೇ ಜಾಗದಲ್ಲಿ ಮತ್ತೆ ಬಿದ್ದರೆ

ಬೀಳಬಹುದು. ನೀತಿವಂತ ಏಳು ಸಾರಿ ಬಿದ್ದರೂ ಏಳುವನು ಎಂದು ಜ್ಞಾನೋಕ್ತಿ 24:16 ಹೇಳುವಾಗ ಬಿದ್ದವನನ್ನು ಇನ್ನೂ ನೀತಿವಂತ ಎಂದೇ ಕರೆಯುತ್ತದೆ.

ಮಾಡಬೇಕಾದದ್ದು ಇಷ್ಟು: ನಿಮ್ಮ ಆ ಒಬ್ಬರಿಗೆ ಅವತ್ತೇ ಹೇಳಿ, ವಾರ ಬಿಟ್ಟರೆ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ. ಬೀಳುವ ಮುಂಚಿನ ಎರಡು ಗಂಟೆ ಏನು ನಡೆಯಿತು ಎಂದು ಬರೆಯಿರಿ: ಎಲ್ಲಿದ್ದಿರಿ, ಯಾರ ಜೊತೆ, ಹಸಿದಿದ್ದಿರಾ, ಸಿಟ್ಟಿನಲ್ಲಿದ್ದಿರಾ, ಕೈಯಲ್ಲಿ ಫೋನ್ ಇತ್ತಾ. ಮೂರು ಸಲ ಬರೆದರೆ ಒಂದು ಮಾದರಿ ಕಾಣುತ್ತದೆ, ಆಗ ಕದ ಹಾಕಬೇಕಾದ ಜಾಗ ಗೊತ್ತಾಗುತ್ತದೆ. ಕುಡಿತ, ಜೂಜು, ಅಶ್ಲೀಲ ಚಿತ್ರಗಳ ಚಟ ಇಂಥದ್ದಾದರೆ ಪ್ರಾರ್ಥನೆಯ ಜೊತೆ ಚಿಕಿತ್ಸೆಯನ್ನೂ ತೆಗೆದುಕೊಳ್ಳಿ. ಅದರಲ್ಲಿ ನಂಬಿಕೆಯ ಕೊರತೆ ಏನೂ ಇಲ್ಲ. ಪೌಲ ತಿಮೊಥೆಯನಿಗೆ ಹೊಟ್ಟೆಯ ಬಾಧೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆದನೇ ಹೊರತು ಇನ್ನೂ ಪ್ರಾರ್ಥಿಸು ಎಂದಲ್ಲ.

ಒಂಬತ್ತನೇ ಹೆಜ್ಜೆ: ಸೇವೆಗೆ ಅವಸರ ಬೇಡ, ಬೇಡವೆಂದೂ ಅನ್ನಬೇಡಿ

ಕ್ಷಮೆ ಒಂದು ಗಳಿಗೆಯದು. ಹೊಣೆ ಮರಳಿ ಸಿಗುವುದಕ್ಕೆ ಸಮಯ ಹಿಡಿಯುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿದು ಜಗಳವಾಡುವವರನ್ನು ಎಲ್ಲ ಸಭೆಗಳಲ್ಲೂ ನೋಡಬಹುದು.

ಈ ಜಗಳ ಹಳೆಯದು. ಕ್ರಿ.ಶ. 250ರ ಹೊತ್ತಿಗೆ ರೋಮನ್ ಚಕ್ರವರ್ತಿ ಡೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದ. ಅಂಥ ಪತ್ರಗಳು ಈಜಿಪ್ಟಿನಲ್ಲಿ ಇಂದಿಗೂ ಸಿಕ್ಕಿವೆ. ಜೀವಭಯದಿಂದ ಬಹಳ ಕ್ರೈಸ್ತರು ಬಲಿ ಕೊಟ್ಟರು, ಕೆಲವರು ಬಲಿ ಕೊಡದೆ ದುಡ್ಡು ಕೊಟ್ಟು ಪತ್ರ ಮಾತ್ರ ಮಾಡಿಸಿಕೊಂಡರು. ಹಿಂಸೆ ತಣ್ಣಗಾದ ಮೇಲೆ ಅವರೆಲ್ಲ ಸಭೆಯ ಬಾಗಿಲಿಗೆ ಬಂದು ನಿಂತರು. ರೋಮಿನ ನೊವಾಟಿಯನ್ ಸೇರಿಸಿಕೊಳ್ಳಲೇಬಾರದು ಎಂದ. ಸುಮ್ಮನೆ ಸೇರಿಸಿಕೊಳ್ಳಿ ಎಂದವರೂ ಇದ್ದರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು 251ರಲ್ಲಿ ಅಲ್ಲಿ ಸೇರಿದ ಸಭೆ ನಡುವಿನ ದಾರಿ ಹಿಡಿಯಿತು: ಬಾಗಿಲು ಮುಚ್ಚಬಾರದು, ಆದರೆ ಒಬ್ಬೊಬ್ಬರದೂ ವಿಚಾರಿಸಬೇಕು, ಬಲಿ ಕೊಟ್ಟವರನ್ನೂ ಪತ್ರ ಕೊಂಡವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಪಶ್ಚಾತ್ತಾಪಕ್ಕೆ ಕಾಲ ಕೊಡಬೇಕು. ಸಿಪ್ರಿಯನ್ ಸ್ವತಃ ಆ ಹಿಂಸೆಯ ವೇಳೆ ಅಡಗಿಕೊಂಡಿದ್ದವನು, ಅದಕ್ಕೆ ಮಾತು ಕೇಳಿದವನು. 258ರಲ್ಲಿ ಮುಂದಿನ ಹಿಂಸೆ ಬಂದಾಗ ಓಡಲಿಲ್ಲ, ಕತ್ತಿಗೆ ತಲೆಕೊಟ್ಟ.

ನಿಮ್ಮ ಹಿರಿಯರು "ಇನ್ನೂ ಆರು ತಿಂಗಳು ಇರಲಿ" ಎಂದರೆ ಅದನ್ನು ಅವಮಾನ ಅಂದುಕೊಳ್ಳಬೇಡಿ. ಹಣದ ವಿಷಯದಲ್ಲಿ ಬಿದ್ದವರು ಲೆಕ್ಕಕ್ಕೆ, ಮಕ್ಕಳಿಗೆ ಕೆಡುಕು ಮಾಡಿದವರು ಮಕ್ಕಳ ಸೇವೆಗೆ ಎಂದೂ ಮರಳಬಾರದು. ಅವರಿಗೆ ಬೇರೆ ಕೆಲಸವಿದೆ.

ಆದರೆ ಬಿದ್ದವನು ಮುಂದೆ ಯಾವುದಕ್ಕೂ ಬಾರನು ಎಂಬುದೂ ಸುಳ್ಳು. ಯೋಹಾನನೆನಿಸಿಕೊಂಡ ಮಾರ್ಕ ಮೊದಲ ಪ್ರಯಾಣದಲ್ಲೇ ಪೆರ್ಗೆಯಿಂದ ಮನೆಗೆ ತಿರುಗಿದ. ಎರಡನೇ ಸಲ ಅವನನ್ನು ಕರೆದೊಯ್ಯುವ ವಿಷಯಕ್ಕೆ ಪೌಲ ಬಾರ್ನಬರ ನಡುವೆ ಎಂಥ ವಾಗ್ವಾದವಾಯಿತೆಂದರೆ ಇಬ್ಬರೂ ಬೇರೆಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹಡಗು ಹತ್ತಿದ. ವರ್ಷಗಳ ಮೇಲೆ ಸೆರೆಮನೆಯಿಂದ ಅದೇ ಪೌಲ ಬರೆದ: ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯುಕ್ತನು (2 ತಿಮೊಥೆ 4:11). ನನ್ನ ಪ್ರಾರ್ಥನೆ ಏನೆಂದರೆ ಬಿದ್ದ ಪ್ರತಿಯೊಬ್ಬರಿಗೂ ಒಬ್ಬ ಬಾರ್ನಬ ಸಿಗಲಿ. ಗಲಾತ್ಯ 6:1ರಲ್ಲಿ ತಪ್ಪಿದವನನ್ನು ಶಾಂತಭಾವದಿಂದ 'ತಿದ್ದಿ ಸರಿಮಾಡಿರಿ' ಎನ್ನುವಲ್ಲಿ ಇರುವ ಗ್ರೀಕ್ ಕ್ರಿಯಾಪದವೇ ಮಾರ್ಕ 1:19ರಲ್ಲಿ ಯಾಕೋಬ ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುವುದಕ್ಕೂ ಬಂದಿದೆ. ಹರಿದ ಕಣ್ಣಿಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕುವ ಕೆಲಸ, ಮೀನು ಹಿಡಿಯುವ ಕೆಲಸಕ್ಕಿಂತ ನಿಧಾನ.

ಕೆಲಸ ಕೇಳುವಾಗ ಯಾರೂ ಕೇಳದ ಕೆಲಸ ಕೇಳಿ. ನನಗೆ ಸಿಕ್ಕದ್ದು ಆರಾಧನೆಗೆ ಮುಂಚೆ ಕುರ್ಚಿ ಜೋಡಿಸುವುದು. ಹದಿನಾಲ್ಕು ಸಾಲು, ಸಾಲಿಗೆ ಹತ್ತು. ಒಂದು ವರ್ಷವಾದ ಮೇಲೆ ಒಂದು ಭಾನುವಾರ, ನಾನು ಮುಂದಿನಿಂದ ಶುರುಮಾಡಿದ್ದೆ, ಹಿಂದಿನಿಂದ ಇನ್ಯಾರೋ ಜೋಡಿಸುತ್ತ ಬರುವ ಸದ್ದು ಕೇಳಿಸಿತು. ತಲೆಯೆತ್ತಿ ನೋಡಿದರೆ ಆ ಸಹೋದರರು. ಏಳನೇ ಸಾಲಿನಲ್ಲಿ ಇಬ್ಬರೂ ಎದುರಾದೆವು.

"ಈ ಸಾಲಿಗೆ ಎರಡು ಕಡಿಮೆ ಇದೆ" ಎಂದರು.

ತಂದುಕೊಟ್ಟೆ.